‘ಪರವಾಗಿಲ್ಲ’ ಎನ್ನುವ ಮುನ್ನ



ಈ ಸಲದ ಕನ್ನಡ ಪುಟಗಳಿಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಇಲ್ಲಿನ ಶರತ್ಕಾಲದ ಸೊಬಗನ್ನೋ ನಗೋಯಾ ಕೋಟೆಯ ಚಿನ್ನದ ಮೀನುಗಳನ್ನೋ ಕುರಿತು ಬರೆಯೋಣ ಎಂದುಕೊಂಡಿದ್ದೆವು. ಆದರೆ ಬರೆಯಲು ಕುಳಿತರೆ ಮನಸ್ಸು ಮತ್ತೆ ಮತ್ತೆ ಒಂದು ರಾತ್ರಿಯ ಕಡೆಗೇ ಹೊರಳುತ್ತದೆ. ಆ ರಾತ್ರಿ ನಮ್ಮಲ್ಲಿ ಹುಟ್ಟಿದ ಪ್ರಶ್ನೆ ಇದು: ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಎಂಬ ಸಂಕೋಚವನ್ನು ನಮ್ಮ ಹಿರಿಯರು ನಮಗೆ ಗುಣವೆಂದೇ ಕಲಿಸಿದ್ದಾರೆ. ಅದು ಎಲ್ಲಿಯವರೆಗೆ ಗುಣ? ಎಲ್ಲಿಂದ ಮುಂದೆ ದೋಷ?

ಶಿವಮೊಗ್ಗದ ಕಡೆಯಿಂದ ನಮ್ಮ ತಂದೆ ತಾಯಿ ಮೂರು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದಿದ್ದರು. ನವೆಂಬರಿನ ಒಂದು ಭಾನುವಾರ ಅವರನ್ನು ಕೊರಾಂಕೇ ಕಣಿವೆಗೆ ಕರೆದುಕೊಂಡು ಹೋಗಿದ್ದೆವು. ಮೇಪಲ್ ಎಲೆಗಳು ಕೆಂಪಾಗುವ ಕಾಲದಲ್ಲಿ ಆ ಜಾಗ ಜಾತ್ರೆಯ ಹಾಗಿರುತ್ತದೆ. ಏರುದಾರಿಯಲ್ಲಿ ಅಪ್ಪ ಮೂರು ಕಡೆ ನಿಂತರು. ‘ಎಲೆ ನೋಡ್ತಾ ಇದೀನಿ’ ಎಂದರು. ನಾವು ನಂಬಿದೆವು.

ಅಂದು ರಾತ್ರಿ ಎರಡು ಗಂಟೆಗೆ ಅಡಿಗೆಮನೆಯ ದೀಪ ಉರಿಯುತ್ತಿತ್ತು. ಅಪ್ಪ ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದರು. ಹೊರಗೆ ಅಷ್ಟು ಚಳಿ, ಆದರೂ ಅಂಗಿ ಬೆವರಿನಿಂದ ತೊಯ್ದಿತ್ತು. ‘ಗ್ಯಾಸು ಕಣೋ, ಓಮದ ನೀರು ಕುಡಿದ್ರೆ ಹೋಗತ್ತೆ. ನೀವು ಮಲಗಿ’ ಎಂದರು. ಓಮ ಕುದಿಸಿದ್ದಾಯಿತು, ಕುಡಿಸಿದ್ದೂ ಆಯಿತು, ಬೆನ್ನು ನೀವಿದ್ದೂ ಆಯಿತು. ನಮ್ಮಲ್ಲೊಬ್ಬರು ಆಂಬುಲೆನ್ಸ್ ಕರೆಯೋಣ ಎಂದರೆ ಇನ್ನೊಬ್ಬರು, ‘ಇಷ್ಟು ಹೊತ್ತಲ್ಲಿ ಸೈರನ್ನು ಹಾಕಿಕೊಂಡು ಬಂದರೆ ಕಟ್ಟಡದವರೆಲ್ಲ ಏಳುತ್ತಾರೆ, ಬೆಳಗ್ಗೆ ಟ್ಯಾಕ್ಸಿಯಲ್ಲಿ ಹೋಗೋಣ’ ಎಂದರು. ಹೀಗೆ ನಲವತ್ತು ನಿಮಿಷ ಕಳೆದವು. ಇವತ್ತಿಗೂ ನಮ್ಮನ್ನು ಕಾಡುವುದು ಆ ನಲವತ್ತು ನಿಮಿಷ.

ಕೊನೆಗೆ 119ಕ್ಕೆ ಕರೆ ಮಾಡಿದೆವು. ಜಪಾನಿನಲ್ಲಿ ಬೆಂಕಿಗೂ ಆಂಬುಲೆನ್ಸಿಗೂ ಅದೇ ಸಂಖ್ಯೆ. ಆ ಕಡೆಯವರು ಮೊದಲು ಕೇಳುವುದು ‘ಬೆಂಕಿಯೋ, ಆಂಬುಲೆನ್ಸೋ’ ಎಂದು, ಆಮೇಲೆ ವಿಳಾಸ. ಕಾಯಿಲೆಯ ಕತೆ ಬರುವುದು ಅದಾದ ಮೇಲೆ. ಗಾಬರಿಯಲ್ಲಿ ನಾವು ಕತೆಯನ್ನೇ ಮೊದಲು ಹೇಳತೊಡಗಿದೆವು. ಅವರು ತಾಳ್ಮೆಯಿಂದ ಮತ್ತೆ ವಿಳಾಸ ಕೇಳಿದರು. ಗಾಡಿ ಬೇಗನೆ ಬಂತು. ಈ ದೇಶದಲ್ಲಿ ಆಂಬುಲೆನ್ಸ್ ಕರೆಸಿದ್ದಕ್ಕೆ ಬಾಡಿಗೆಯಿಲ್ಲ. ಆದರೆ ಅಪ್ಪನನ್ನು ಒಳಗೆ ಮಲಗಿಸಿದ ಮೇಲೂ ಗಾಡಿ ಹೊರಡಲಿಲ್ಲ. ಸಿಬ್ಬಂದಿ ಫೋನ್ ಹಿಡಿದು ಒಂದೊಂದೇ ಆಸ್ಪತ್ರೆಯನ್ನು ವಿಚಾರಿಸುತ್ತಿದ್ದರು. ರೋಗಿಯನ್ನು ತೆಗೆದುಕೊಳ್ಳುತ್ತೇವೆ ಎಂದು ಆಸ್ಪತ್ರೆ ಒಪ್ಪಿದ ಮೇಲೆಯೇ ಹೊರಡುವುದು ಇಲ್ಲಿನ ಪದ್ಧತಿ. ಯಾವ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ತಕ್ಕ ವೈದ್ಯರಿದ್ದಾರೆ ಎಂಬುದನ್ನು ಅವರು ನಿರ್ಧರಿಸುವುದು ನಾವು ಹೇಳುವ ಮಾತಿನ ಮೇಲೆ. ವಯಸ್ಸು, ನೋವು ಶುರುವಾದ ಹೊತ್ತು, ಹಿಂದಿನ ಕಾಯಿಲೆ, ನಿತ್ಯ ತೆಗೆದುಕೊಳ್ಳುವ ಮಾತ್ರೆ, ಅಲರ್ಜಿ ಇವಿಷ್ಟನ್ನು ಕೇಳಿದರು. ನಾವು ಹೇಳಿದ್ದು: ‘ಬಿಪಿ ಇದೆ. ಬೇರೇನೂ ಇಲ್ಲ.’ ನಮಗೆ ಗೊತ್ತಿದ್ದದ್ದು ಅಷ್ಟೇ.

ಆಸ್ಪತ್ರೆಯಲ್ಲಿ ನಮ್ಮ ಜಪಾನಿ ಭಾಷೆ ಸಾಲದೆ ಹೋಯಿತು. ಆರು ವರ್ಷದಿಂದ ಇಲ್ಲಿದ್ದರೂ ನಮ್ಮದು ಅಂಗಡಿಗೆ, ಆಫೀಸಿಗೆ ಆಗುವಷ್ಟು ಭಾಷೆ. ನಮ್ಮ ಮನೆಯಲ್ಲಿ ಚೆನ್ನಾಗಿ ಜಪಾನಿ ಬರುವುದು ಇಲ್ಲಿನ ಶಾಲೆಯಲ್ಲಿ ಮೂರನೆಯ ತರಗತಿ ಓದುವ ಮಗಳಿಗೆ ಮಾತ್ರ. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವಳನ್ನೂ ಕರೆತಂದಿದ್ದೆವು. ವೈದ್ಯರು ಕೇಳಿದ್ದನ್ನು ಆ ಒಂಬತ್ತು ವರ್ಷದ ಮಗು ಅಜ್ಜನಿಗೆ ಕನ್ನಡದಲ್ಲಿ ಕೇಳಿತು: ‘ಅಜ್ಜ, ನಿಂಗೆ ಮೊದ್ಲು ಯಾವಾಗ್ಲಾದ್ರೂ ಹಾರ್ಟಿಗೆ ಏನಾದ್ರೂ ಆಗಿತ್ತಾ ಅಂತ ಕೇಳ್ತಿದಾರೆ.’

ಅಜ್ಜ ಮೊಮ್ಮಗಳ ಮುಖ ನೋಡಿದರು. ‘ಇಲ್ಲ ಪುಟ್ಟಿ, ಏನೂ ಆಗಿರ್ಲಿಲ್ಲ’ ಎಂದರು. ಆಮೇಲೆ ತಾವು ಇಲ್ಲಿಗೆ ಬಂದು ಕಲಿತಿದ್ದ ಒಂದೇ ಒಂದು ಜಪಾನಿ ಪದವನ್ನು ನರ್ಸಿಗೆ ನಗುನಗುತ್ತಾ ಹೇಳಿದರು: ‘ದೈಜೋಬು.’ ಅಂದರೆ ಪರವಾಗಿಲ್ಲ, ಚಿಂತೆಯಿಲ್ಲ.

ಆ ನರ್ಸ್ ಇನ್ನೂ ಚಿಕ್ಕ ವಯಸ್ಸಿನವರು. ಅವರು ಹೋಗಲಿಲ್ಲ. ಮಾತು ಬಿಟ್ಟು, ತಮ್ಮ ಬೆರಳನ್ನು ತಮ್ಮ ಎದೆಯ ಮೇಲೆ ಚುಚ್ಚಿದಂತೆ ತೋರಿಸಿದರು, ಆಮೇಲೆ ಅಂಗೈಯಿಂದ ಸವರಿ ಉರಿ ಎಂಬಂತೆ ತೋರಿಸಿ, ‘ಯಾವುದು?’ ಎಂಬಂತೆ ಅಪ್ಪನತ್ತ ನೋಡಿದರು. ಅಪ್ಪ ಎರಡಕ್ಕೂ ತಲೆಯಾಡಿಸಿ, ತಮಗೇ ತಿಳಿಯದಂತೆ ಬಲಗೈ ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟುಕೊಂಡರು. ನರ್ಸ್ ಓಡಿಹೋಗಿ ವೈದ್ಯರನ್ನು ಮತ್ತೆ ಕರೆತಂದರು. ಹೃದಯದ ನೋವಿರುವವರು ಹಾಗೆ ಮುಷ್ಟಿ ಹಿಡಿದು ತೋರಿಸುವುದಕ್ಕೆ ಲೆವೀನ್ ಎಂಬ ಅಮೆರಿಕದ ಹೃದ್ರೋಗ ತಜ್ಞರ ಹೆಸರಿನಲ್ಲೇ ಒಂದು ಗುರುತಿದೆ ಎಂದು ನಮಗೆ ಆಮೇಲೆ ತಿಳಿಯಿತು. ಬಾಯಿ ಮುಚ್ಚಿಟ್ಟದ್ದನ್ನು ಕೈ ಹೇಳಿಬಿಟ್ಟಿತ್ತು.

ಅಷ್ಟರಲ್ಲಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅಮ್ಮ ಅಳತೊಡಗಿದರು. ಎರಡು ವರ್ಷದ ಹಿಂದೆ ಮಣಿಪಾಲದಲ್ಲಿ ಅಪ್ಪನಿಗೆ ಸ್ಟೆಂಟ್ ಹಾಕಿದ್ದರಂತೆ. ‘ಅವರು ಅಷ್ಟು ದೂರ ಇದಾರೆ, ಗಾಬರಿ ಮಾಡ್ಬೇಡ’ ಎಂದು ಅಮ್ಮನಿಂದ ದೇವರ ಮೇಲೆ ಆಣೆ ಹಾಕಿಸಿಕೊಂಡಿದ್ದರಂತೆ. ಊರಿನಿಂದ ತಂದ ರಕ್ತ ತೆಳುವಾಗಿಸುವ ಮಾತ್ರೆ ಮುಗಿದು ಹನ್ನೆರಡು ದಿನ ಆಗಿತ್ತು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಸಿಗುವುದಿಲ್ಲ, ಡಾಕ್ಟರ ಹತ್ತಿರ ಹೋದರೆ ನಮಗೆ ಪೂರ್ತಿ ಖರ್ಚು ಬೀಳುತ್ತದೆ ಎಂದು ಅಪ್ಪ ಅದನ್ನೂ ಹೇಳಿರಲಿಲ್ಲ. ಅಮ್ಮ ಆಣೆ ಮುರಿದು ಇಷ್ಟನ್ನೂ ಹೇಳಿದರು. ನಾವು ಓಡಿಹೋಗಿ ಇಂಗ್ಲಿಷಿನಲ್ಲಿ ‘ಸ್ಟೆಂಟ್’ ಎಂದೆವು. ಆ ಒಂದು ಪದ ಎಲ್ಲ ಭಾಷೆಯಲ್ಲೂ ಒಂದೇ. ಬೆಳಗಾಗುವ ಮೊದಲು ಮುಚ್ಚಿಹೋಗಿದ್ದ ರಕ್ತನಾಳವನ್ನು ತೆರೆದರು. ಅಪ್ಪ ಉಳಿದರು.

ಈಗ ಪ್ರಶ್ನೆಗೆ ಬರೋಣ. ಅಂದು ರಾತ್ರಿ ಯಾರೂ ಕೆಟ್ಟ ಮನಸ್ಸಿನಿಂದ ಏನನ್ನೂ ಮುಚ್ಚಿಡಲಿಲ್ಲ. ಅಪ್ಪ ಮೊಮ್ಮಗಳ ಮೇಲಿನ ಪ್ರೀತಿಯಿಂದ ಸುಳ್ಳು ಹೇಳಿದರು. ಅಮ್ಮ ಗಂಡನಿಗೆ ಕೊಟ್ಟ ಮಾತಿಗಾಗಿ ಸುಮ್ಮನಿದ್ದರು. ನಾವು ನೆರೆಹೊರೆಯವರ ನಿದ್ದೆಗಾಗಿ ತಡ ಮಾಡಿದೆವು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸಜ್ಜನಿಕೆಯೇ. ಎಲ್ಲ ಸೇರಿ ಒಂದು ಜೀವವನ್ನು ಅಂಚಿಗೆ ತಂದು ನಿಲ್ಲಿಸಿದವು.

ಸಂಕೋಚಕ್ಕೆ ಜಪಾನೀಯರಲ್ಲೂ ಒಂದು ಪದವಿದೆ, ‘ಎನ್‌ರ್ಯೊ’. ಎದುರಿನವರಿಗೆ ಭಾರವಾಗದಂತೆ ಹಿಂದೆ ಸರಿಯುವುದು. ಸಹಿಸಿಕೊಳ್ಳುವುದಕ್ಕೆ ‘ಗಾಮನ್’ ಎನ್ನುತ್ತಾರೆ. ನಮ್ಮ ಮಲೆನಾಡಿನ ಹಿರಿಯರಿಗೆ ಈ ಎರಡು ಪದಗಳನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಇಬ್ಬರು ಸಂಕೋಚಸ್ವಭಾವದವರು ಎದುರುಬದುರಾದಾಗ ಒಂದು ಅಪಾಯವಿದೆ. ಇವರು ಹೇಳುವುದಿಲ್ಲ, ಅವರು ಕೆದಕಿ ಕೇಳುವುದಿಲ್ಲ. ಇಬ್ಬರೂ ನಕ್ಕು ತಲೆಬಾಗಿ ಬೀಳ್ಕೊಡುತ್ತಾರೆ.

ನಮಗೆ ತೋರುವುದಿಷ್ಟು. ಸಂಕೋಚದಿಂದ ಆಗುವ ನಷ್ಟ ನನ್ನೊಬ್ಬನದೇ ಆಗಿದ್ದರೆ ಅದು ವಿನಯ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವುದು, ಊಟದಲ್ಲಿ ಕೊನೆಗೆ ಬಡಿಸಿಕೊಳ್ಳುವುದು ಇಂಥದ್ದು. ಆದರೆ ನಷ್ಟ ಇನ್ನೊಬ್ಬರ ತಲೆಯ ಮೇಲೆ ಬೀಳುವಾಗ ಅದೇ ಸಂಕೋಚ ವಿನಯವಾಗಿ ಉಳಿಯುವುದಿಲ್ಲ. ರೋಗಿ ತಾನೇ ಮುಚ್ಚಿಟ್ಟರೂ ನಷ್ಟ ಅವನೊಬ್ಬನದಲ್ಲ. ತಪ್ಪು ಮಾಹಿತಿಯ ಮೇಲೆ ಔಷಧಿ ಕೊಡುವ ವೈದ್ಯರ ಕೈಯನ್ನೂ ಅವನು ಕಟ್ಟಿಹಾಕಿರುತ್ತಾನೆ. ಬದುಕಿಡೀ ‘ನಮಗೆ ಗೊತ್ತಾಗಲಿಲ್ಲವಲ್ಲ’ ಎಂದು ಕೊರಗುವ ಮಕ್ಕಳನ್ನೂ ಉಳಿಸಿ ಹೋಗುತ್ತಾನೆ.

ಹಾಗಾದರೆ ಅಮ್ಮ ಆಣೆ ಮುರಿದದ್ದು ತಪ್ಪೇ? ಅವರೇ ಎಷ್ಟೋ ದಿನ ನಮ್ಮನ್ನು ಹೀಗೆ ಕೇಳಿದರು. ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕತೆ ಹೇಳುತ್ತಾನೆ. ಸದಾ ಸತ್ಯವನ್ನೇ ಹೇಳುತ್ತೇನೆಂಬ ವ್ರತ ಹಿಡಿದವನು ಕೌಶಿಕ. ಕಳ್ಳರಿಗೆ ಹೆದರಿ ಕಾಡು ಹೊಕ್ಕವರ ದಾರಿಯನ್ನು ಕಳ್ಳರಿಗೇ ತೋರಿಸುತ್ತಾನೆ. ಅವರೆಲ್ಲ ಸಾಯುತ್ತಾರೆ, ಕೌಶಿಕನಿಗೆ ಸಿಗುವುದು ನರಕ. ಅರ್ಜುನನೂ ಆಗ ತನ್ನದೊಂದು ಪ್ರತಿಜ್ಞೆಗಾಗಿ ಅಣ್ಣನ ಮೇಲೆಯೇ ಕತ್ತಿ ಎತ್ತಿದ್ದ. ವ್ರತವನ್ನು ಉಳಿಸಿಕೊಳ್ಳಲು ಜೀವವನ್ನು ಕೊಡುವುದು ಧರ್ಮವಲ್ಲ ಎಂದು ಕೃಷ್ಣ ತಿಳಿಹೇಳಿದ್ದು ಇಂಥ ಹೊತ್ತಿನಲ್ಲಿ. ಕೌಶಿಕ ಮಾತನಾಡಿ ಜೀವ ಕಳೆದ. ಸುಮ್ಮನಿದ್ದು ಕಳೆದರೂ ಲೆಕ್ಕ ಒಂದೇ ಅಲ್ಲವೇ? ಅಮ್ಮನಿಗೆ ನಾವು ಹೇಳಿದ್ದು ಇದನ್ನೇ: ‘ಆಣೆ ಮುರಿದದ್ದಕ್ಕೆ ದೇವರು ಕೋಪ ಮಾಡ್ಕೊಳಲ್ಲಮ್ಮ. ಅರ್ಧ ಗಂಟೆ ತಡ ಮಾಡಿದ್ದಕ್ಕೆ ಬೇಕಾದ್ರೆ ಮಾಡ್ಕೊಂಡಿರ್ಬಹುದು. ಅದರಲ್ಲಿ ನಮ್ಮ ನಲವತ್ತು ನಿಮಿಷವೂ ಸೇರಿದೆ.’

ಇನ್ನು ಮಗಳ ವಿಷಯ. ಇದರಲ್ಲಿ ನಮ್ಮ ತಪ್ಪೇ ಹೆಚ್ಚು. ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ ಮಗುವನ್ನು ದುಭಾಷಿಯಾಗಿ ನಿಲ್ಲಿಸಿದೆವು. ಮಗುವಿನ ಮೂಲಕ ಕೇಳಿದ ಪ್ರಶ್ನೆಗೆ ಅಜ್ಜನಾದವನು ನಿಜ ಹೇಳುವುದಾದರೂ ಹೇಗೆ? ಅಕಸ್ಮಾತ್ ಅಂದು ಏನಾದರೂ ಆಗಿದ್ದರೆ, ಅಜ್ಜನ ಕೊನೆಯ ‘ಇಲ್ಲ’ವನ್ನು ವೈದ್ಯರಿಗೆ ತಲುಪಿಸಿದವಳು ತಾನೇ ಎಂಬ ಭಾರವನ್ನು ಅವಳು ಎಷ್ಟು ವರ್ಷ ಹೊರಬೇಕಾಗಿತ್ತು! ಇದಕ್ಕೆ ದಾರಿಗಳು ಇದ್ದವು, ನಾವು ವಿಚಾರಿಸಿಕೊಂಡಿರಲಿಲ್ಲ. ಆಯಿಚಿ ಪ್ರಾಂತ್ಯದಲ್ಲಿ 2012ರಿಂದ ವೈದ್ಯಕೀಯ ದುಭಾಷಿಗಳ ವ್ಯವಸ್ಥೆಯಿದೆ, ಫೋನಿನಲ್ಲೂ ಅನುವಾದ ದೊರೆಯುತ್ತದೆ. ಆಂಬುಲೆನ್ಸ್ ಸಿಬ್ಬಂದಿಗೆಂದೇ ರೂಪಿಸಿದ ಮಾತಿನ ಅನುವಾದದ ತಂತ್ರಾಂಶವೊಂದು 2017ರಲ್ಲಿ ಹದಿನೈದು ಭಾಷೆಗಳೊಂದಿಗೆ ಬಳಕೆಗೆ ಬಂತು. ಅವುಗಳಲ್ಲಿ ಕನ್ನಡವಿಲ್ಲ, ನಿಜ. ಆದರೆ ಇಂಗ್ಲಿಷ್ ಇದೆ. ವೈದ್ಯರ ಜಪಾನಿಯನ್ನು ದುಭಾಷಿ ಇಂಗ್ಲಿಷಿಗೆ ತಂದರೆ, ಅದನ್ನು ಕನ್ನಡಕ್ಕೆ ತರಬೇಕಾದವರು ದೊಡ್ಡವರಾದ ನಾವು, ನಮ್ಮ ಮಗಳಲ್ಲ.

ತರುವುದೂ ಸುಲಭವಲ್ಲ. ಜಪಾನಿಯಲ್ಲಿ ನೋವಿಗೆ ನಮ್ಮ ಹಾಗೆಯೇ ಜೋಡಿ ಅನುಕರಣ ಪದಗಳಿವೆ. ನಾವು ‘ಚುರುಚುರು’, ‘ಜುಮುಜುಮು’ ಎನ್ನುವಂತೆ ಅವರು ಮಿಡಿಯುವ ನೋವಿಗೆ ‘ಝುಕಿಝುಕಿ’, ಹೊಟ್ಟೆಯಲ್ಲಿ ಕೊರೆದಂತಾಗುವ ನೋವಿಗೆ ‘ಕಿರಿಕಿರಿ’ ಎನ್ನುತ್ತಾರೆ. ನಮ್ಮ ಕಿರಿಕಿರಿಯೇ ಬೇರೆ, ಅವರದೇ ಬೇರೆ! ಅಮ್ಮ ಹೇಳುವ ‘ಸಂಕಟ’ ಎಂಬ ಪದದಲ್ಲಿ ಓಕರಿಕೆ, ಎದೆಯ ಭಾರ, ಮನಸ್ಸಿನ ದುಃಖ ಮೂರೂ ಸೇರಿಕೊಂಡಿವೆ. ಹಾಗೆಯೇ ಅಪ್ಪನ ‘ಗ್ಯಾಸು’. ಅದನ್ನು ಇದ್ದ ಹಾಗೆಯೇ ಅನುವಾದಿಸಿದ್ದರೆ ಅವರನ್ನು ಹೊಟ್ಟೆಯ ವೈದ್ಯರ ಬಳಿಗೆ ಕಳಿಸುತ್ತಿದ್ದರೇನೋ.

ಒಂದು ಪದ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ 1980ರಲ್ಲಿ ನಡೆದ ಘಟನೆ ಸಾಕ್ಷಿ. ವಿಲ್ಲಿ ರಮಿರೆಜ್ ಎಂಬ 18 ವರ್ಷದ ಹುಡುಗನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಸ್ಪ್ಯಾನಿಷಿನಲ್ಲಿ ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದೇನೋ ಒಗ್ಗದೆ ಹೀಗಾಗಿದೆ ಎಂಬುದು ಅವರ ಅರ್ಥ. ಇಂಗ್ಲಿಷ್ ಕಿವಿಗೆ ಅದು ಅಮಲಿನ ಪದವಾಗಿ ಕೇಳಿಸಿತು. ಮಾದಕ ವಸ್ತು ಹೆಚ್ಚಾಗಿದೆ ಎಂದು ಚಿಕಿತ್ಸೆ ನಡೆಯಿತು. ನಿಜವಾಗಿ ಆಗಿದ್ದುದು ಮೆದುಳಿನಲ್ಲಿ ರಕ್ತಸ್ರಾವ. ಹುಡುಗ ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ಎರಡೂ ಕಡೆಯವರು ತಮಗೆ ಅರ್ಥವಾಗಿದೆ ಎಂದೇ ನಂಬಿದ್ದರು. ದುಭಾಷಿಯನ್ನು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ.

ಇನ್ನೊಬ್ಬರ ಪರವಾಗಿ ಮಾತನಾಡುವುದು ಹೇಗೆಂದು ಕಲಿಯಬೇಕಾದರೆ ನಮಗೆ ಆಂಜನೇಯನಿಗಿಂತ ದೊಡ್ಡ ಗುರು ಇಲ್ಲ. ಸುಂದರಕಾಂಡದಲ್ಲಿ ಅವನು ಶಿಂಶುಪಾ ಮರದ ಮೇಲೆ ಕುಳಿತು ಮೊದಲು ಯೋಚಿಸುವುದು ಯಾವ ಭಾಷೆಯಲ್ಲಿ ಮಾತನಾಡಲಿ ಎಂದು. ಪಂಡಿತರ ಸಂಸ್ಕೃತದಲ್ಲಿ ಮಾತನಾಡಿದರೆ ಸೀತಾಮಾತೆ ತನ್ನನ್ನು ರಾವಣನೆಂದು ಹೆದರಬಹುದೆಂದು ಸಾಮಾನ್ಯ ಜನರ ಮಾತನ್ನೇ ಆರಿಸಿಕೊಳ್ಳುತ್ತಾನೆ. ತನಗೆ ಏನು ಬರುತ್ತದೆ ಎಂಬುದಕ್ಕಿಂತ ಕೇಳುವವರಿಗೆ ಏನು ತಲುಪುತ್ತದೆ ಎಂಬುದೇ ಅವನಿಗೆ ಮುಖ್ಯ. ಹಿಂತಿರುಗಿ ಬಂದಾಗ ಕಡಲು ದಾಟಿದ ಸಾಹಸವನ್ನು ಮೊದಲು ಹೇಳುವುದಿಲ್ಲ. ಕಂಡೆ ಎಂಬ ಸುದ್ದಿ ಮೊದಲು, ಉಳಿದ ಕತೆ ಆಮೇಲೆ. ನಾವು 119ಕ್ಕೆ ಕರೆ ಮಾಡಿ ಕೊರಾಂಕೇಯ ಏರುದಾರಿಯಿಂದ ಕತೆ ಶುರು ಮಾಡಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ‘ಎದೆನೋವು, 68 ವರ್ಷ, ಒಂದು ಗಂಟೆಯಿಂದ, ಬೆವರುತ್ತಿದ್ದಾರೆ.’ ಇಷ್ಟು ಸಾಕಾಗಿತ್ತು. ದೂತನಾದವನು ತನ್ನದನ್ನು ಸೇರಿಸಬಾರದು, ಕೇಳಿದ್ದನ್ನು ಕಳೆಯಬಾರದು, ಕಹಿಯೆಂದು ಸಿಹಿ ಬೆರೆಸಬಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಎಲ್ಲ ಹೊಣೆಯೂ ಹೇಳುವವರದೇ ಅಲ್ಲ. ನಮ್ಮ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಅವರನ್ನು ಓದುಗರು ಮರೆತಿರಲಾರರು. ದಂತವೈದ್ಯೆ, 31 ವರ್ಷ, ಇಂಗ್ಲಿಷ್ ಬಲ್ಲವರು. 2012ರ ಅಕ್ಟೋಬರ್ 21ರಂದು ಹದಿನೇಳು ವಾರದ ಗರ್ಭಿಣಿಯಾಗಿದ್ದಾಗ ಬೆನ್ನುನೋವೆಂದು ಐರ್ಲೆಂಡಿನ ಗಾಲ್ವೇ ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೆ ಅದನ್ನು ತೆಗೆಯಿರೆಂದು ಅವರೂ ಅವರ ಪತಿಯೂ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಅಲ್ಲಿನ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. 2013ರಲ್ಲಿ ನಡೆದ ವಿಚಾರಣೆಗಳಲ್ಲಿ ಹೊರಬಂದದ್ದು ಕಾನೂನಿನ ಮಾತಷ್ಟೇ ಅಲ್ಲ. ರಕ್ತಪರೀಕ್ಷೆಯ ಸೂಚನೆಯನ್ನು ಗಮನಿಸಿರಲಿಲ್ಲ, ನಾಡಿಬಡಿತದ ಏರಿಕೆಯಂಥ ಎಚ್ಚರಿಕೆಗಳು ತಲುಪಬೇಕಾದವರಿಗೆ ತಲುಪಿರಲಿಲ್ಲ. ಅವರನ್ನು ಉಳಿಸಬಹುದಾಗಿದ್ದ ಹದಿಮೂರು ಅವಕಾಶಗಳು ಕೈತಪ್ಪಿದವು ಎಂದು ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರವೇ ಬರೆಯಿತು. 2018ರ ಜನಮತಗಣನೆಯಲ್ಲಿ ಐರ್ಲೆಂಡ್ ತನ್ನ ಸಂವಿಧಾನವನ್ನೇ ಬದಲಿಸಿಕೊಂಡಿತು. ಸವಿತಾ ಸಂಕೋಚಪಡಲಿಲ್ಲ, ಕೇಳಿದರು, ಮತ್ತೆ ಕೇಳಿದರು. ಕೇಳಿಸಿಕೊಳ್ಳುವವರು ಇರಲಿಲ್ಲ.

ನಾವಿರುವ ನಗೋಯಾದಲ್ಲೇ 2021ರ ಮಾರ್ಚ್ 6ರಂದು ವಿಷ್ಮಾ ಸಂದಮಾಲಿ ಎಂಬ 33 ವರ್ಷದ ಶ್ರೀಲಂಕಾದ ಮಹಿಳೆ ವಲಸೆ ಇಲಾಖೆಯ ಬಂಧನದಲ್ಲಿ ತೀರಿಕೊಂಡರು. ತಿಂದದ್ದು ನಿಲ್ಲುವುದಿಲ್ಲ, ನಡೆಯಲಾಗುವುದಿಲ್ಲ ಎಂದು ವಾರಗಟ್ಟಲೆ ಹೇಳುತ್ತಿದ್ದರು. ಬಿಡುಗಡೆಗಾಗಿ ಹೆಚ್ಚು ಮಾಡಿ ಹೇಳುತ್ತಿದ್ದಾರೆ ಎಂದು ಸಿಬ್ಬಂದಿಯಲ್ಲಿ ಕೆಲವರು ಭಾವಿಸಿದ್ದರೆಂದು ಅದೇ ವರ್ಷ ಆಗಸ್ಟಿನಲ್ಲಿ ಬಂದ ಸರ್ಕಾರದ ವರದಿಯೇ ಒಪ್ಪಿಕೊಂಡಿತು. ಮಾತು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ.

ಇದನ್ನೆಲ್ಲ ಓದಿದಾಗ ಆ ಚಿಕ್ಕ ನರ್ಸ್ ನೆನಪಾಗುತ್ತಾರೆ. ‘ದೈಜೋಬು’ ಎಂದ ಮುದುಕರನ್ನು ಬಿಟ್ಟು ಅವರು ಮುಂದಿನ ಹಾಸಿಗೆಗೆ ಹೋಗಬಹುದಿತ್ತು. ನಿಯಮದ ಪ್ರಕಾರ ಅವರ ಕೆಲಸ ಮುಗಿದಿತ್ತು. ಆದರೂ ನಿಂತರು, ಇನ್ನೊಮ್ಮೆ ಕೇಳಿದರು. ಹೇಳುವವರು ಸಂಕೋಚ ಬಿಡಬೇಕು, ಕೇಳುವವರು ಮೊದಲ ಉತ್ತರಕ್ಕೇ ಸಮಾಧಾನಪಡಬಾರದು. ಎರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಳ್ಳಬಹುದು. ನಮ್ಮ ಮನೆಯಲ್ಲಿ ಅಂದು ಹೇಳುವವರೆಲ್ಲರೂ ತಪ್ಪಿದ್ದರು, ಕೇಳುವವರೊಬ್ಬರು ಹಿಡಿದುಕೊಂಡರು. ಹಾಗೆ ಹಿಡಿದುಕೊಳ್ಳುವವರು ಪ್ರತಿ ಸಲವೂ ಇರುತ್ತಾರೆ ಎಂದು ನಂಬಿ ಕೂರಲು ನಮಗೆ ಹಕ್ಕಿಲ್ಲ.

ಆಮೇಲೆ ನಾವು ಮಾಡಿಕೊಂಡ ಸಣ್ಣ ಕೆಲಸವನ್ನೂ ಹೇಳಿಬಿಡುತ್ತೇವೆ. ಜಪಾನಿನಲ್ಲಿ ಪ್ರತಿಯೊಬ್ಬರ ಹತ್ತಿರವೂ ‘ಒಕುಸುರಿ ತೆಚೋ’ ಎಂಬ ಔಷಧಿಯ ಕಿರುಪುಸ್ತಕ ಇರುವುದು ರೂಢಿ. ಔಷಧಿ ಅಂಗಡಿಯವರು ಕೊಟ್ಟ ಮಾತ್ರೆಗಳ ಪಟ್ಟಿಯನ್ನು ಅದರಲ್ಲಿ ಅಂಟಿಸುತ್ತಾರೆ. ಅಂಥದ್ದೇ ಒಂದನ್ನು ನಾಲ್ವರು ಹಿರಿಯರಿಗೂ ಮಾಡಿದೆವು. ಕಾಯಿಲೆ, ಶಸ್ತ್ರಚಿಕಿತ್ಸೆ, ಮಾತ್ರೆಯ ಮೂಲ ಹೆಸರು, ಅಲರ್ಜಿ, ಊರಿನ ಡಾಕ್ಟರ ಫೋನ್ ನಂಬರು, ಒಂದು ಪುಟ ಇಂಗ್ಲಿಷ್, ಒಂದು ಪುಟ ಜಪಾನಿ. ಬರೆಯುವುದು ಕಷ್ಟವಾಗಲಿಲ್ಲ, ಕೇಳುವುದು ಕಷ್ಟವಾಯಿತು. ‘ನಮ್ಮಿಂದ ಏನನ್ನಾದರೂ ಮುಚ್ಚಿಟ್ಟಿದ್ದೀರಾ?’ ಎಂದು ಹೆತ್ತವರನ್ನು ಕೇಳಲು ನಾಲಿಗೆ ಏಳುವುದಿಲ್ಲ. ಕೇಳಿದೆವು. ಇನ್ನೆರಡು ಸಂಗತಿಗಳು ಹೊರಬಂದವು. ಅಷ್ಟೇ ಕಷ್ಟದಿಂದ ನಾವು ಅವರಿಂದ ಮುಚ್ಚಿಟ್ಟಿದ್ದ ಒಂದನ್ನೂ ಹೇಳಿದೆವು. ಬರೀ ಅವರಿಂದ ಸತ್ಯ ಬೇಡುವುದು ನ್ಯಾಯವಲ್ಲ ಎನಿಸಿತು.

ಓದುಗರೂ ಈ ವಾರಾಂತ್ಯ ಊರಿಗೆ ಫೋನ್ ಮಾಡಿದಾಗ ಹಬ್ಬ, ಮಳೆ, ಅಡಿಕೆ ರೇಟಿನ ಮಾತು ಮುಗಿದ ಮೇಲೆ ಇದೊಂದನ್ನು ಕೇಳಿ ಬರೆದಿಟ್ಟುಕೊಳ್ಳಿ ಎಂದು ನಮ್ಮ ವಿನಂತಿ.

ಅಪ್ಪ ಈಗ ಊರಿನಲ್ಲಿ ಚೆನ್ನಾಗಿದ್ದಾರೆ, ದಿನಕ್ಕೆರಡು ಹೊತ್ತು ನಡೆಯುತ್ತಾರೆ. ಭಾನುವಾರ ಫೋನಿನಲ್ಲಿ ‘ಹೇಗಿದೀರಾ’ ಎಂದರೆ ಇವತ್ತಿಗೂ ‘ಪರವಾಗಿಲ್ಲ’ ಎಂದೇ ಶುರು ಮಾಡುತ್ತಾರೆ. ಆಗ ನಮ್ಮ ಮಗಳು ಫೋನ್ ಕಸಿದುಕೊಂಡು, ‘ಯಾವ ಪರವಾಗಿಲ್ಲ ಅಜ್ಜ? ನಿಜದ್ದಾ, ಸುಳ್ಳಿಂದಾ?’ ಎಂದು ಕೇಳುತ್ತಾಳೆ. ಅಪ್ಪ ನಕ್ಕು, ಅಂದು ಮಾತ್ರೆ ತೆಗೆದುಕೊಂಡ ಹೊತ್ತನ್ನು ಒಂದೊಂದಾಗಿ ಅವಳಿಗೆ ಒಪ್ಪಿಸುತ್ತಾರೆ.